ಇಳಿಯದ ಸಿಆರ್‌ಪಿ, ಚುಕ್ಕೆಗಳ ನೋಟ್‌ಬುಕ್: ಡಯಾಲಿಸಿಸ್‌ನಲ್ಲಿದ್ದ ಒಬ್ಬರ ಕರುಳಿನ ಪ್ರಕರಣ

ಮಗಳು ಕ್ಯಾಪ್ಸೂಲ್ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, "ಡಾಕ್ಟರೇ, ಅಮ್ಮನಿಗೆ ಇದನ್ನು ಕೊಡಲು ಶುರು ಮಾಡಿ ಹನ್ನೆರಡು ದಿನವಾಯಿತು. ಮೊದಲೇ ನಿಮ್ಮನ್ನು ಕೇಳಬೇಕಿತ್ತು" ಎಂದರು. ಪ್ರೋಬಯಾಟಿಕ್ ಡಬ್ಬಿ, ಅಂದರೆ ಕರುಳಿಗೆ ಒಳ್ಳೆಯದೆಂದು ನುಂಗುವ ಜೀವಂತ ಸೂಕ್ಷ್ಮಜೀವಿಗಳು. ಲ್ಯಾಕ್ಟೊಬ್ಯಾಸಿಲಸ್, ಬೈಫಿಡೊಬ್ಯಾಕ್ಟೀರಿಯಂ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳ ಜೊತೆಗೆ ಸ್ಯಾಕರೊಮೈಸಿಸ್ ಬೌಲಾರ್ಡಿ ಎಂಬ ಯೀಸ್ಟ್ ಕೂಡ ಅದರಲ್ಲಿತ್ತು. ಕರುಳು ಸರಿಹೋದರೆ ಉರಿಯೂತ ಇಳಿಯುತ್ತದೆ ಎಂದು ಅವರು ಓದಿದ್ದರು. ಆ ಮಾತು ಸುಳ್ಳಲ್ಲ. ಅದರಲ್ಲಿ ಎಷ್ಟು ನಿಜ, ಆ ನಿಜದಲ್ಲಿ ಎಷ್ಟು ಪಾಲು ಡಬ್ಬಿಗೆ ಸಲ್ಲಬೇಕು ಎಂಬುದು ತಿಳಿಯಲು ನಮಗೆ ಸುಮಾರು ಒಂದು ವರ್ಷ ಹಿಡಿಯಿತು. ಆ ವರ್ಷದ ದಾಖಲೆ ಇದು. ರೋಗಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ರೋಗಿ

49 ವರ್ಷದ ಮಹಿಳೆ. ಲೆಕ್ಕಪತ್ರ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವರು. ಮೂತ್ರಪಿಂಡದ ಸೋಸುವ ಜಾಲಗಳ ದೀರ್ಘಕಾಲದ ಉರಿಯೂತವಾದ ಗ್ಲೊಮೆರುಲೊನೆಫ್ರೈಟಿಸ್‌ನಿಂದ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ಮೂರು ವರ್ಷಗಳಿಂದ ವಾರಕ್ಕೆ ಮೂರು ಸಲ, ಪ್ರತಿ ಸಲ 4 ಗಂಟೆ ಹಿಮೋಡಯಾಲಿಸಿಸ್ ನಡೆಯುತ್ತಿತ್ತು. ಮಧುಮೇಹ ಇಲ್ಲ. ಮೂತ್ರ ಹೆಚ್ಚುಕಡಿಮೆ ನಿಂತೇಹೋಗಿತ್ತು. ಡಯಾಲಿಸಿಸ್ ಸೂಜಿ ಹಾಕಲೆಂದು ತೋಳಿನ ಅಪಧಮನಿ, ಅಭಿಧಮನಿಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಹೆಪ್ಪುಗಟ್ಟಿ ಮುಚ್ಚಿಹೋದ ಮೇಲೆ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ಕ್ಯಾಥೆಟರ್ (ಕೊಳವೆ) ಮೂಲಕವೇ ಡಯಾಲಿಸಿಸ್. ಇನ್ನೊಂದು ತೋಳಿನಲ್ಲಿ ಹೊಸ ಫಿಸ್ಟುಲಾ ಮಾಡಿ, ಅದು ಬಲಿಯುವುದನ್ನು ಕಾಯುತ್ತಿದ್ದೆವು. ಹಿಂದಿನ 14 ತಿಂಗಳಲ್ಲಿ ಕ್ಯಾಥೆಟರ್ ಸೋಂಕಿಗೆಂದು ಮೂರು ಬಾರಿ ಆ್ಯಂಟಿಬಯಾಟಿಕ್ ಕೊಡಲಾಗಿತ್ತು.

ನಮ್ಮ ಚಿಂತೆ ಶುರುವಾದದ್ದು ರಕ್ತಹೀನತೆಯಿಂದ. ಕೆಂಪು ರಕ್ತಕಣ ಹೆಚ್ಚಿಸುವ ಎರಿಥ್ರೋಪೊಯೆಟಿನ್ ಚುಚ್ಚುಮದ್ದಿನ ಪ್ರಮಾಣವನ್ನು ಏರಿಸುತ್ತಲೇ ಹೋದರೂ ಹಿಮೋಗ್ಲೋಬಿನ್ 8.6ರಿಂದ ಮೇಲೇಳಲಿಲ್ಲ. ಫೆರಿಟಿನ್ 780 ಇತ್ತು, ಅಂದರೆ ಉಗ್ರಾಣದಲ್ಲಿ ಕಬ್ಬಿಣ ತುಂಬಿತ್ತು. ಆದರೆ ರಕ್ತದಲ್ಲಿ ಅದನ್ನು ಹೊತ್ತೊಯ್ಯುವ ಟ್ರಾನ್ಸ್‌ಫೆರಿನ್ ತುಂಬಿದ್ದು ಬರೀ ಶೇ 17ರಷ್ಟು. ದೇಹದಲ್ಲಿ ಕಬ್ಬಿಣವಿದೆ, ರಕ್ತಕಣ ತಯಾರಿಸುವ ಮಜ್ಜೆಯ ಕೈಗೆ ಮಾತ್ರ ಅದು ಸಿಗುತ್ತಿಲ್ಲ. ಇಂಥ ಚಿತ್ರದ ಹಿಂದೆ ಸಾಮಾನ್ಯವಾಗಿ ಉರಿಯೂತ ಇರುತ್ತದೆ. ಉರಿಯೂತದ ಸಂದೇಶವಾಹಕವಾದ ಇಂಟರ್‌ಲ್ಯುಕಿನ್-6 ಯಕೃತ್ತನ್ನು ತಲುಪಿದಾಗ ಅಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಹೆಚ್ಚುತ್ತದೆ. ಹೆಪ್ಸಿಡಿನ್ ಕಬ್ಬಿಣ ಹೊರಬರುವ ಬಾಗಿಲಿಗೆ ಬೀಗ ಹಾಕುತ್ತದೆ. ಅದೇ ಸಂದೇಶಕ್ಕೆ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನನ್ನು (ಸಿಆರ್‌ಪಿ, ಉರಿಯೂತದ ಅಳತೆಗೋಲು) ಹೆಚ್ಚಿಸಿ, ರಕ್ತದ ಮುಖ್ಯ ಪ್ರೋಟೀನಾದ ಅಲ್ಬುಮಿನ್ ತಯಾರಿಕೆಯನ್ನು ತಗ್ಗಿಸುತ್ತದೆ. ಇವರ ಸಿಆರ್‌ಪಿ ಮೂರು ತಿಂಗಳ ಪರೀಕ್ಷೆಗಳಲ್ಲಿ ಕ್ರಮವಾಗಿ 24, 31, 27. ಸಾಮಾನ್ಯವಾಗಿ 5ರ ಕೆಳಗಿರಬೇಕು. ಅಲ್ಬುಮಿನ್ 3.2. ಡಯಾಲಿಸಿಸ್ ಸಾಕಷ್ಟಾಗುತ್ತಿದೆಯೇ ಎಂಬುದನ್ನು ಹೇಳುವ ಕೆಟಿ/ವಿ ಮಾತ್ರ 1.4, ಯಾರೂ ತಪ್ಪು ಹೇಳುವಂತಿರಲಿಲ್ಲ.

ಜ್ವರವಿಲ್ಲ, ನೋವಿಲ್ಲ. "ಸುಸ್ತು, ಅಷ್ಟೇ" ಎನ್ನುತ್ತಿದ್ದರು.

ಹುಡುಕಾಟ

ಡಯಾಲಿಸಿಸ್ ರೋಗಿಯಲ್ಲಿ ಸಿಆರ್‌ಪಿ ಏರಿದಾಗ ಮೊದಲ ಅನುಮಾನ ಕ್ಯಾಥೆಟರಿನ ಮೇಲೆ. ರಕ್ತದಲ್ಲಿ ಸೂಕ್ಷ್ಮಜೀವಿ ಇದೆಯೇ ಎಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಎರಡು ಬಾರಿ ಮಾಡಿಸಿದೆವು, ಏನೂ ಬೆಳೆಯಲಿಲ್ಲ. ಎದೆಯ ಚಿತ್ರ, ಕ್ಷಯದ ತಪಾಸಣೆ, ಹೆಪಟೈಟಿಸ್ ಪರೀಕ್ಷೆಗಳು, ಹೃದಯದ ಕವಾಟಗಳ ಸ್ಕ್ಯಾನ್ ಎಲ್ಲವೂ ಸರಿಯಾಗಿದ್ದವು. ಮುಚ್ಚಿಹೋದ ಹಳೆಯ ಫಿಸ್ಟುಲಾ ಮೇಲಿನ ಚರ್ಮ ತಣ್ಣಗಿತ್ತು. ಡಯಾಲಿಸಿಸ್ ನೀರಿನಲ್ಲಿ ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾಗಳ ಹೊರಪೊರೆಯ ವಿಷಕಾರಿ ಚೂರು) ಇದೆಯೇ ಎಂದು ನೋಡಿಸಿದೆವು. ಅದೇ ನೀರಿನಲ್ಲಿ ಡಯಾಲಿಸಿಸ್ ಪಡೆಯುವ ಉಳಿದವರಿಗೆ ಈ ತೊಂದರೆ ಇರಲಿಲ್ಲವಾದ್ದರಿಂದ ಅದರ ಮೇಲೆ ಹೆಚ್ಚು ಅನುಮಾನವೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಬಾಯಲ್ಲಿ. ಹಿಂಬದಿಯ ಎರಡು ಹಲ್ಲುಗಳ ಸುತ್ತ ವಸಡು ಕೀವುಗಟ್ಟಿತ್ತು. ದಂತವೈದ್ಯರು ಒಂದನ್ನು ಕಿತ್ತು, ಇನ್ನೊಂದನ್ನು ಶುಚಿಮಾಡಿದರು. ಮುಂದಿನ ತಿಂಗಳು ಸಿಆರ್‌ಪಿ 19ಕ್ಕೆ ಇಳಿಯಿತು.

ಸಮಾಧಾನವಾಯಿತು, ಆದರೆ 19 ಕೂಡ ಹೆಚ್ಚೇ. ಡಬ್ಬಿ ನನ್ನ ಮೇಜಿಗೆ ಬಂದದ್ದು ಈ ಹಂತದಲ್ಲಿ.

ಹಾಸಿಗೆಯ ಅಂಚಿನ ಬಿಳಿ ಪುಡಿ

ತಾಯಿಗೆ ಕ್ಯಾಪ್ಸೂಲ್ ನುಂಗಲು ಕಷ್ಟವಾಗುತ್ತಿದ್ದುದರಿಂದ ಅದನ್ನು ಬಿಡಿಸಿ ನೀರಿನಲ್ಲಿ ಕದಡಿ ಕೊಡುತ್ತಿದ್ದೇನೆ ಎಂದು ಮಗಳು ಹೇಳಿದರು. ಎಲ್ಲಿ ಎಂದು ಕೇಳಿದೆ. "ಇಲ್ಲೇ, ಡಯಾಲಿಸಿಸ್ ಶುರುವಾಗುವ ಮುಂಚೆ" ಎಂದರು. ನಾನು ಹಾಸಿಗೆಯ ಹತ್ತಿರ ಹೋಗಿ ನೋಡಿದೆ. ಬದಿಯ ಕಂಬಿಯ ಮೇಲೆ, ಹೊದಿಕೆಯ ಮಡಿಕೆಯಲ್ಲಿ, ಸಣ್ಣಗೆ ಬಿಳಿ ಪುಡಿ ಕೂತಿತ್ತು. ಒಂದು ಮೊಳದ ಅಂತರದಲ್ಲಿ ನರ್ಸ್ ಕೈಗವಸು ಹಾಕಿಕೊಂಡು ಕುತ್ತಿಗೆಯ ಕ್ಯಾಥೆಟರಿನ ಮುಚ್ಚಳ ಬಿಚ್ಚುತ್ತಿದ್ದರು. ಆ ತೆರೆದ ಬಾಯಿಯಿಂದ ಹೃದಯದ ಬಲಗೋಣೆಗೆ ನೇರ ದಾರಿ.

ನನ್ನ ಎದೆ ಧಸಕ್ಕೆಂದಿತು. ಆ ಪುಡಿಯ ಪ್ರತಿ ಚಿಟಿಕೆಯಲ್ಲೂ ಕೋಟಿಗಟ್ಟಲೆ ಜೀವಂತ ಯೀಸ್ಟ್ ಇದೆ. ಕರುಳಿನಲ್ಲಿ ಅದು ಸಾಧು; ರಕ್ತ ಸೇರಿದರೆ ಶಿಲೀಂಧ್ರ ಸೋಂಕು. ಕ್ಯಾಥೆಟರ್ ಇದ್ದ ರೋಗಿಗಳ ರಕ್ತದಲ್ಲಿ ಇದೇ ಯೀಸ್ಟ್ ಬೆಳೆದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಹಲವಾರು ಬಾರಿ ವರದಿಯಾಗಿವೆ. ಅವರಲ್ಲಿ ಕೆಲವರು ಆ ಪುಡಿಯನ್ನು ಸೇವಿಸಿದವರೂ ಅಲ್ಲ, ಪಕ್ಕದ ಹಾಸಿಗೆಯವರಿಗಾಗಿ ಪೊಟ್ಟಣ ಬಿಡಿಸಿದ ಕೈಯಿಂದ ಅವರಿಗೆ ತಗುಲಿತ್ತು. ದೊಡ್ಡ ರಕ್ತನಾಳದಲ್ಲಿ ಕ್ಯಾಥೆಟರ್ ಇರುವವರಿಗೆ, ತೀವ್ರ ಅಸ್ವಸ್ಥರಿಗೆ ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಸ್ಯಾಕರೊಮೈಸಿಸ್ ಬೌಲಾರ್ಡಿ ಕೊಡಬಾರದು ಎಂದು ಯುರೋಪಿನ ಔಷಧ ನಿಯಂತ್ರಕರು ಎಚ್ಚರಿಸಿರುವುದು ಇದೇ ಕಾರಣಕ್ಕೆ. ನಮ್ಮ ರೋಗಿಗೆ ಕ್ಯಾಥೆಟರ್ ಇತ್ತು. ಮೂತ್ರಪಿಂಡ ವೈಫಲ್ಯವೇ ನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಹಿಂದೆ ಕೊಟ್ಟ ಹೆಪಟೈಟಿಸ್ ಬಿ ಲಸಿಕೆಗೆ ಅವರ ದೇಹ ಸರಿಯಾಗಿ ಸ್ಪಂದಿಸದೆ ಎರಡನೇ ಸುತ್ತು ಹಾಕಿಸಬೇಕಾಗಿ ಬಂದಿತ್ತು. ರಕ್ತದಲ್ಲಿ ಸದಾ ಉರಿಯೂತ, ಆದರೂ ಸೋಂಕಿನೆದುರು ಬಲವಿಲ್ಲ. ಈ ರೋಗದ ನಿರೋಧಕ ವ್ಯವಸ್ಥೆಯ ಪಾಡು ಹೀಗೆಯೇ ಇರುತ್ತದೆ.

ಡಬ್ಬಿಯನ್ನು ಅಂದೇ ನಿಲ್ಲಿಸಿದೆವು. ಶಿಲೀಂಧ್ರವನ್ನೂ ಹುಡುಕುವಂತೆ ಹೇಳಿ ರಕ್ತದ ಕಲ್ಚರ್ ಮತ್ತೆ ಕಳಿಸಿದೆವು. ಏನೂ ಬೆಳೆಯಲಿಲ್ಲ. ಮಗಳು ಬಹಳ ನೊಂದುಕೊಂಡರು. ತಪ್ಪು ಅವರದಲ್ಲ ಎಂದು ಅವರಿಗೆ ಹೇಳಿದೆ, ಈಗಲೂ ಹಾಗೆಯೇ ಅನ್ನಿಸುತ್ತದೆ. ಮೂರು ತಿಂಗಳಿಂದ ನಾವು ರಕ್ತ, ಎದೆ, ಹೃದಯ, ಹಲ್ಲು ಎಲ್ಲವನ್ನೂ ಕೆದಕಿದ್ದೆವು. ಕರುಳಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕರುಳಿನ ಮಾತನ್ನು ಮೊದಲು ಎತ್ತಿದವರು ಮಗಳೇ.

ಚುಕ್ಕೆಗಳು

"ಮಲವಿಸರ್ಜನೆ ಹೇಗಿದೆ?" ಎಂದು ಕೇಳಿದಾಗ ರೋಗಿ ಉತ್ತರ ಹೇಳಲಿಲ್ಲ. ಕೈಚೀಲದಿಂದ ಒಂದು ನೋಟ್‌ಬುಕ್ ತೆಗೆದು ಕೊಟ್ಟರು. ತಿಂಗಳಿಗೊಂದು ಪುಟ. ಅಡ್ಡಗೆರೆ, ಉದ್ದಗೆರೆ ಸ್ಕೇಲಿಟ್ಟು ಎಳೆದದ್ದು. ಡಯಾಲಿಸಿಸ್‌ಗೆ ಮೊದಲಿನ ತೂಕ, ನಂತರದ ತೂಕ, ಅಂದಿನ ಅತಿ ಕಡಿಮೆ ರಕ್ತದೊತ್ತಡ. ಕೊನೆಯ ಕಾಲಂನಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ. ಹೊಟ್ಟೆ ಖಾಲಿಯಾದ ದಿನಕ್ಕೆ ಒಂದು ಚುಕ್ಕೆ. ಆ ತಿಂಗಳು 30 ದಿನಕ್ಕೆ 7 ಚುಕ್ಕೆಗಳಿದ್ದವು. ಎರಡು ಚುಕ್ಕೆಗಳ ನಡುವೆ ಕೆಲವೆಡೆ ನಾಲ್ಕು, ಐದು, ಒಂದು ಕಡೆ ಆರು ದಿನಗಳ ಖಾಲಿ ಜಾಗ. "ಎಷ್ಟು ಸಮಯದಿಂದ ಹೀಗೆ?" ಎಂದೆ. "ನೋಟ್‌ಬುಕ್ ಶುರುವಾದಾಗಿನಿಂದ. ಇದನ್ನೂ ಹೇಳಬೇಕು ಎಂದು ನನಗೆ ಗೊತ್ತಿರಲಿಲ್ಲ, ಡಾಕ್ಟರೇ."

ಆ ನಾಲ್ಕು ಕಾಲಂಗಳಲ್ಲಿ ಅವರ ಕರುಳಿನ ಪೂರ್ತಿ ಪರಿಸ್ಥಿತಿ ಇತ್ತು. ಎರಡು ಡಯಾಲಿಸಿಸ್‌ಗಳ ನಡುವೆ ತೂಕ 3.6 ಕೆ.ಜಿ.ಯವರೆಗೆ ಏರುತ್ತಿತ್ತು. ಹೆಚ್ಚುವರಿ ನೀರೆಲ್ಲ ತೆಗೆದ ಮೇಲಿನ ಒಣತೂಕ 52 ಕೆ.ಜಿ. ಅಷ್ಟು ನೀರನ್ನು 4 ಗಂಟೆಯಲ್ಲಿ ತೆಗೆದರೆ ಗಂಟೆಗೆ, ಪ್ರತಿ ಕೆ.ಜಿ.ಗೆ 17 ಮಿ.ಲೀ. ದಾಟುತ್ತದೆ. ಈ ವೇಗ 13 ಮೀರಿದರೆ ಅಪಾಯ ಹೆಚ್ಚುತ್ತದೆ ಎಂಬುದು ಡಯಾಲಿಸಿಸ್ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ವಾರದಲ್ಲಿ ಒಂದೆರಡು ಸಲ ಮೂರನೇ ಗಂಟೆಗೆ ರಕ್ತದೊತ್ತಡ 90ರ ಕೆಳಗೆ ಬೀಳುತ್ತಿತ್ತು. ಅಂಥ ದಿನಗಳ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಹೊಟ್ಟೆ ಹಿಂಡಿತು" ಎಂದು ಬರೆದಿದ್ದರು. ಒತ್ತಡ ಬಿದ್ದಾಗ ದೇಹವು ಮಿದುಳು ಮತ್ತು ಹೃದಯವನ್ನು ಉಳಿಸಿಕೊಳ್ಳಲು ಕರುಳಿನ ರಕ್ತವನ್ನು ಕಡಿತ ಮಾಡುತ್ತದೆ. ಹೊಟ್ಟೆ ಹಿಂಡುವುದು ಕರುಳು ರಕ್ತಕ್ಕಾಗಿ ಬೇಡುವ ಕೂಗು. ಅಂಥ ಹೊತ್ತಿನಲ್ಲಿ ಅದರ ಒಳಗೋಡೆ ಸಡಿಲವಾಗುತ್ತದೆ. ಡಯಾಲಿಸಿಸ್ ಪಡೆಯುವವರ ರಕ್ತದಲ್ಲಿ ಎಂಡೊಟಾಕ್ಸಿನ್ ಮಟ್ಟ ಏರಿರುತ್ತದೆ, ನೀರು ತೆಗೆಯುವ ಒತ್ತಡ ಹೆಚ್ಚಾದಷ್ಟೂ ಅದು ಹೆಚ್ಚಿರುತ್ತದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಊಟ, ಮಾತ್ರೆಗಳನ್ನೂ ಕೇಳಿದೆವು. ಪೊಟ್ಯಾಸಿಯಂ ಭಯಕ್ಕೆ ತರಕಾರಿ, ಹಣ್ಣು, ಕಾಳುಗಳನ್ನು ಪೂರ್ತಿ ಬಿಟ್ಟಿದ್ದರು. ನಾರು ಎನ್ನುವುದು ಅವರ ತಟ್ಟೆಯಲ್ಲಿ ಇರಲೇ ಇಲ್ಲ. ಫಾಸ್ಫೇಟ್ ಕಟ್ಟುವ ಮಾತ್ರೆ ಮಲವನ್ನು ಗಟ್ಟಿ ಮಾಡುತ್ತಿತ್ತು. ಯಾರೋ ಬರೆದುಕೊಟ್ಟ ಕಬ್ಬಿಣದ ಮಾತ್ರೆ ಇನ್ನೂ ನಡೆಯುತ್ತಿತ್ತು. ಹೆಪ್ಸಿಡಿನ್ ಬೀಗ ಹಾಕಿರುವಾಗ ಆ ಕಬ್ಬಿಣ ರಕ್ತ ಸೇರುವುದು ಅಲ್ಪ, ಉಳಿದದ್ದು ಕರುಳಿನಲ್ಲೇ ಬಿದ್ದು ಬೇಡದ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಎರಡು ವರ್ಷಗಳ ಹಿಂದೆ ಆಸ್ಪತ್ರೆಯಲ್ಲಿದ್ದಾಗ ಶುರು ಮಾಡಿದ ಆ್ಯಸಿಡ್ ತಗ್ಗಿಸುವ ಮಾತ್ರೆಯನ್ನು ನಿಲ್ಲಿಸಲು ಯಾರಿಗೂ ನೆನಪಾಗಿರಲಿಲ್ಲ. ಜಠರದ ಆಮ್ಲ ಕಡಿಮೆಯಾದರೆ ಬಾಯಿಯ ಸೂಕ್ಷ್ಮಜೀವಿಗಳು ಸಾಯದೆ ಕರುಳಿಗಿಳಿಯುತ್ತವೆ. ಇದರಲ್ಲಿ ಬಹುಪಾಲು ನಾವೇ ಬರೆದುಕೊಟ್ಟ ಔಷಧ, ನಾವೇ ಹೇಳಿದ ಪಥ್ಯ.

ಮೂತ್ರಪಿಂಡ ಸೋತಾಗ ಕರುಳಿನಲ್ಲಿ ಏನಾಗುತ್ತದೆ

ಯೂರಿಯಾಕ್ಕೆ ಹೊರದಾರಿ ಮುಚ್ಚಿದಾಗ ಅದು ರಕ್ತದಿಂದ ಕರುಳಿನೊಳಕ್ಕೂ ಒಸರುತ್ತದೆ. ಅಲ್ಲಿ ಯೂರಿಯೇಸ್ ಕಿಣ್ವ ಇರುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಅಮೋನಿಯಾದಿಂದ ಕರುಳಿನೊಳಗು ಕ್ಷಾರಮಯವಾಗಿ, ಒಳಪದರದ ಕೋಶಗಳನ್ನು ಒಂದಕ್ಕೊಂದು ಬಿಗಿದಿಡುವ ಕ್ಲಾಡಿನ್, ಆಕ್ಲುಡಿನ್ ಎಂಬ ಪ್ರೋಟೀನುಗಳು ಕರಗುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ನ ನೋಸ್ರತೊಲ್ಲಾ ವಾಜಿರಿ ಮತ್ತು ಅವರ ತಂಡ 2012ರ ಸುಮಾರಿಗೆ ಇದನ್ನು ಪ್ರಯೋಗಶಾಲೆಯಲ್ಲಿ ತೋರಿಸಿತು. ಮನುಷ್ಯರ ಕರುಳಿನ ಕೋಶಗಳ ಪದರವನ್ನು ಬೆಳೆಸಿ, ಅದಕ್ಕೆ ಮೂತ್ರಪಿಂಡ ವೈಫಲ್ಯವಿದ್ದವರ ರಕ್ತದ್ರವ ಹಾಕಿದಾಗ ಕೋಶಗಳ ನಡುವಿನ ಬಿಗಿ ಸಡಿಲಾಯಿತು. ಡಯಾಲಿಸಿಸ್ ಆದ ಮೇಲೆ ತೆಗೆದ ರಕ್ತದ್ರವದಿಂದ ಆದ ಹಾನಿ ಕಡಿಮೆ.

ಈ ಗೋಡೆಯ ಹಿಂಬದಿಯಲ್ಲೇ ದೇಹದ ಅತಿ ದೊಡ್ಡ ಕಾವಲುಪಡೆ ಬೀಡುಬಿಟ್ಟಿದೆ. ಬ್ಯಾಕ್ಟೀರಿಯಾಗಳನ್ನು ಒಳಗೆ ಬಿಡದ ಲೋಳೆ, ಅದರಲ್ಲಿ ಸೇರಿ ಅವುಗಳನ್ನು ಕಟ್ಟಿಹಾಕುವ ಐಜಿಎ ಪ್ರತಿಕಾಯ, ಜಗಳ ಬೇಡವೆಂದು ಉಳಿದ ಕೋಶಗಳನ್ನು ತಣ್ಣಗಿಡುವ ನಿಯಂತ್ರಕ ಟಿ-ಕೋಶಗಳು. ಆ ಕೊನೆಯವು ಹುಟ್ಟಿ ನಿಲ್ಲಲು ಬ್ಯುಟಿರೇಟ್ ಬೇಕು. ನಾರನ್ನು ತಿಂದು ಬ್ಯಾಕ್ಟೀರಿಯಾಗಳು ತಯಾರಿಸುವ ಈ ಕೊಬ್ಬಿನಾಮ್ಲವೇ ದೊಡ್ಡ ಕರುಳಿನ ಕೋಶಗಳಿಗೆ ಮುಖ್ಯ ಇಂಧನ ಕೂಡ. ನಾರು ಹೋದರೆ ಬ್ಯುಟಿರೇಟ್ ಹೋಗುತ್ತದೆ. ಕೋಶಗಳು ಹಸಿದಿರುತ್ತವೆ, ಕಾವಲುಪಡೆ ಕೆರಳುತ್ತದೆ. ಸಡಿಲಾದ ಗೋಡೆಯಿಂದ ಬ್ಯಾಕ್ಟೀರಿಯಾಗಳ ಹೊರಪೊರೆಯ ಚೂರಾದ ಎಂಡೊಟಾಕ್ಸಿನ್ ನುಸುಳಿ, ಬಿಳಿರಕ್ತಕಣಗಳಾದ ಮೊನೊಸೈಟುಗಳ ಮೇಲಿನ ಟಿಎಲ್‌ಆರ್-4 ಗ್ರಾಹಕಕ್ಕೆ ಅಂಟಿದರೆ ಇಂಟರ್‌ಲ್ಯುಕಿನ್-6, ಟಿಎನ್‌ಎಫ್ ಎಂಬ ಉರಿಯೂತದ ಸಂದೇಶವಾಹಕಗಳು ಸುರಿಯುತ್ತವೆ. ಇಲ್ಲಿಂದ ಯಕೃತ್ತು, ಹೆಪ್ಸಿಡಿನ್, ಬೀಗ ಬಿದ್ದ ಕಬ್ಬಿಣ. ಮೊದಲ ದಿನ ನಾವು ನೋಡಿದ ಹಿಮೋಗ್ಲೋಬಿನ್ 8.6 ಇದೇ ಸರಪಳಿಯ ತುದಿಯಲ್ಲಿ ಇದ್ದಿರಬಹುದು.

ಇನ್ನೊಂದು ದಾರಿ ಮಲಬದ್ಧತೆಯದು. ಮಲ ದೊಡ್ಡ ಕರುಳಿನಲ್ಲಿ ದಿನಗಟ್ಟಲೆ ನಿಂತಾಗ ಬ್ಯಾಕ್ಟೀರಿಯಾಗಳಿಗೆ ತಿನ್ನಲು ನಾರು ಮುಗಿದಿರುತ್ತದೆ, ಉಳಿದ ಪ್ರೋಟೀನನ್ನು ಕೊಳೆಸತೊಡಗುತ್ತವೆ. ಪ್ರೋಟೀನಿನ ಘಟಕಗಳಲ್ಲಿ ಟ್ರಿಪ್ಟೊಫ್ಯಾನ್‌ನಿಂದ ಇಂಡೋಲ್, ಟೈರೊಸಿನ್‌ನಿಂದ ಪ್ಯಾರಾ-ಕ್ರೆಸಾಲ್. ಇವು ದೇಹದಲ್ಲಿ ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್ ಎಂಬ ವಿಷಗಳಾಗಿ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಶೇ 90ಕ್ಕೂ ಹೆಚ್ಚು ಪಾಲು ಅಲ್ಬುಮಿನ್‌ಗೆ ಅಂಟಿಕೊಂಡಿರುವುದರಿಂದ ಡಯಾಲಿಸಿಸ್ ಅವನ್ನು ಅಷ್ಟಾಗಿ ತೊಳೆಯಲಾರದು. ಕೆಟಿ/ವಿ 1.4 ಎಂದು ನಾವು ನೆಮ್ಮದಿಯಾಗಿದ್ದೆವಲ್ಲ, ಆ ಲೆಕ್ಕ ಯೂರಿಯಾದ್ದು, ಈ ವಿಷಗಳದ್ದಲ್ಲ. ಇವು ಕರುಳಿನಿಂದಲೇ ಬರುತ್ತವೆ ಎಂಬುದಕ್ಕೆ 2011ರಲ್ಲಿ ಬಂದ ಒಂದು ಸರಳ ಸಾಕ್ಷಿ ನನಗೆ ಬಹಳ ಇಷ್ಟ. ದೊಡ್ಡ ಕರುಳನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಸಿಕೊಂಡ ಡಯಾಲಿಸಿಸ್ ರೋಗಿಗಳ ರಕ್ತವನ್ನು ಕರುಳಿರುವವರ ರಕ್ತದೊಂದಿಗೆ ಹೋಲಿಸಿ ನೋಡಿದಾಗ ಈ ಎರಡು ವಿಷಗಳು ಕರುಳು ತೆಗೆಸಿಕೊಂಡವರಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ.

ಹಾಗಾದರೆ ಒಳ್ಳೆಯ ಬ್ಯಾಕ್ಟೀರಿಯಾ ನುಂಗಿದರೆ ಆಗದೇ?

ಮಗಳು ಕೇಳಿದ್ದು ಇದನ್ನೇ. ಹುಳಿ ಹಾಲಿನ ಬ್ಯಾಕ್ಟೀರಿಯಾಗಳಿಂದ ಆರೋಗ್ಯ ಹೆಚ್ಚುತ್ತದೆ ಎಂದು 20ನೇ ಶತಮಾನದ ಆರಂಭದಲ್ಲೇ ವಾದಿಸಿದವರು ಇಲ್ಯಾ ಮೆಚ್ನಿಕಾಫ್, ರೋಗನಿರೋಧಕ ವಿಜ್ಞಾನಕ್ಕೆ 1908ರಲ್ಲಿ ನೊಬೆಲ್ ಪಡೆದವರು. ಆಸೆ ಹಳೆಯದು, ಆಧಾರವಿಲ್ಲದ್ದೂ ಅಲ್ಲ. ಮೂತ್ರಪಿಂಡ ರೋಗಿಗಳಲ್ಲಿ ನಡೆದ ಪ್ರಯೋಗಗಳು ಮಾತ್ರ ಒಂದೇ ಮಾತು ಹೇಳುವುದಿಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರು 6 ತಿಂಗಳು ಪ್ರೋಬಯಾಟಿಕ್ ತೆಗೆದುಕೊಂಡಾಗ ಇಂಟರ್‌ಲ್ಯುಕಿನ್-6, ಟಿಎನ್‌ಎಫ್ ಮತ್ತು ಎಂಡೊಟಾಕ್ಸಿನ್ ಇಳಿದವು. 2016ರ ಸಿನರ್ಜಿ ಪ್ರಯೋಗದಲ್ಲಿ ಡಯಾಲಿಸಿಸ್‌ಗೆ ಇನ್ನೂ ಬಾರದ 37 ರೋಗಿಗಳಿಗೆ ಪ್ರೋಬಯಾಟಿಕ್ ಮತ್ತು ನಾರು ಎರಡನ್ನೂ ಸೇರಿಸಿ 6 ವಾರ ಕೊಟ್ಟರು. ಪಿ-ಕ್ರೆಸಿಲ್ ಸಲ್ಫೇಟ್ ಇಳಿಯಿತು, ಇಂಡಾಕ್ಸಿಲ್ ಸಲ್ಫೇಟ್ ಗಮನಾರ್ಹವಾಗಿ ಇಳಿಯಲಿಲ್ಲ. ನಮ್ಮ ರೋಗಿಯ ಸ್ಥಿತಿಗೆ ಹತ್ತಿರವಾದದ್ದು 2018ರ ಪ್ರಯೋಗ. ಹಿಮೋಡಯಾಲಿಸಿಸ್ ರೋಗಿಗಳಿಗೆ 3 ತಿಂಗಳು ಪ್ರೋಬಯಾಟಿಕ್ ಮಾತ್ರ ಕೊಟ್ಟಾಗ ಉರಿಯೂತ ಇಳಿಯಲಿಲ್ಲ; ಯೂರಿಯಾ, ಪೊಟ್ಯಾಸಿಯಂ ಮತ್ತು ಇಂಡಾಕ್ಸಿಲ್ ಸಲ್ಫೇಟ್ ಏರಿದವು. 45 ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2023ರ ಕಾಕ್ರೇನ್ ವಿಮರ್ಶೆಗೆ ಕಂಡದ್ದು ಬಹುತೇಕ ಚಿಕ್ಕ, ದುರ್ಬಲ ಪುರಾವೆಗಳು.

ಇದರಲ್ಲಿ ನನಗೆ ಆಶ್ಚರ್ಯವಿಲ್ಲ. ಕರುಳಿನಲ್ಲಿ ಯೂರಿಯಾ ಹರಿಯುತ್ತಿದೆ, ಅಮೋನಿಯಾ ತುಂಬಿದೆ, ನಾರಿಲ್ಲ, ಮಲ ಐದು ದಿನ ನಿಂತಿದೆ, ವಾರಕ್ಕೆರಡು ಸಲ ರಕ್ತ ಬತ್ತುತ್ತಿದೆ. ಅಲ್ಲಿಗೆ ಹೊರಗಿನಿಂದ ಬಂದ ಬ್ಯಾಕ್ಟೀರಿಯಾ ಏನು ತಿಂದು ಬದುಕಬೇಕು? ಅಲ್ಲಿನ ಪರಿಸ್ಥಿತಿಯನ್ನು ಹಾಗೆಯೇ ಬಿಟ್ಟು ನಿವಾಸಿಗಳನ್ನು ಮಾತ್ರ ಬದಲಿಸುವುದು ನನ್ನ ದೃಷ್ಟಿಯಲ್ಲಿ ಹಿಂದುಮುಂದಾದ ಕ್ರಮ. ರಕ್ತ ಕೊರತೆಯಿರುವ ಕರುಳಿಗೆ ಪ್ರೋಬಯಾಟಿಕ್ ನಿರುಪದ್ರವಿ ಎಂದೂ ಹೇಳಲಾಗದು. ತೀವ್ರ ಮೇದೋಜೀರಕ ಉರಿಯೂತವಿದ್ದವರ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರೊಪೇಟ್ರಿಯಾ ಪ್ರಯೋಗದಲ್ಲಿ ಪ್ರೋಬಯಾಟಿಕ್ ಪಡೆದ 152 ಮಂದಿಯಲ್ಲಿ 24 ಜನ, ಹುಸಿ ಔಷಧ ಪಡೆದ 144 ಮಂದಿಯಲ್ಲಿ 9 ಜನ ತೀರಿಕೊಂಡರು. ಪ್ರೋಬಯಾಟಿಕ್ ಪಡೆದವರಲ್ಲಿ 9 ಜನರ ಕರುಳಿಗೆ ರಕ್ತ ನಿಂತಿತ್ತು, ಇನ್ನೊಂದು ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಆ ರೋಗ ಬೇರೆ, ಅದನ್ನು ನೇರವಾಗಿ ಡಯಾಲಿಸಿಸ್‌ಗೆ ಅನ್ವಯಿಸುವಂತಿಲ್ಲ. ಆದರೂ "ಹೊಟ್ಟೆ ಹಿಂಡಿತು" ಎಂಬ ಆ ಸಾಲುಗಳನ್ನು ಓದಿದ ಮೇಲೆ ಆ ಅಂಕಿಗಳನ್ನು ಮರೆಯಲು ನನ್ನಿಂದಾಗಲಿಲ್ಲ.

ಮಾಡಿದ್ದು

ಮೊದಲು ನೀರಿನ ವೇಗ. ಪ್ರತಿ ಡಯಾಲಿಸಿಸನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿದೆವು. ಉಪ್ಪು ಕಡಿಮೆ ಮಾಡಿದ್ದರಿಂದ ಬಾಯಾರಿಕೆ ತಗ್ಗಿ, ನಡುವಿನ ತೂಕ ಏರಿಕೆ 2.8 ಕೆ.ಜಿ. ಆಸುಪಾಸಿಗೆ ಬಂತು. ವೇಗ 17ರಿಂದ 12ಕ್ಕೆ ಇಳಿಯಿತು. ಡಯಾಲಿಸಿಸ್ ದ್ರವದ ಉಷ್ಣತೆಯನ್ನು 37ರಿಂದ 35.5 ಡಿಗ್ರಿಗೆ ಇಳಿಸಿದೆವು. ತಂಪಿಗೆ ರಕ್ತನಾಳಗಳು ಬಿಗಿಯಾಗಿ ಒತ್ತಡ ಬೀಳುವುದು ತಪ್ಪುತ್ತದೆ. ಚಳಿಯಾಗುತ್ತದೆ ಎಂದು ರೋಗಿ ದೂರಿದರು. ಇನ್ನೊಂದು ಹೊದಿಕೆ ಕೊಟ್ಟೆವು.

ಕಬ್ಬಿಣದ ಮಾತ್ರೆ ಮತ್ತು ಆ್ಯಸಿಡ್ ಮಾತ್ರೆ ನಿಲ್ಲಿಸಿದೆವು. ಮಲಬದ್ಧತೆಗೆ ಲ್ಯಾಕ್ಟುಲೋಸ್ ಎಂಬ ವಿರೇಚಕ ಆರಿಸಿಕೊಂಡೆವು. ಮೆಗ್ನೀಸಿಯಂ ಅಥವಾ ಫಾಸ್ಫೇಟ್ ಇರುವ ವಿರೇಚಕಗಳು ಮೂತ್ರಪಿಂಡ ವೈಫಲ್ಯದಲ್ಲಿ ಅಪಾಯಕಾರಿ, ಅವನ್ನು ಮುಟ್ಟುವಂತಿಲ್ಲ. ಲ್ಯಾಕ್ಟುಲೋಸ್‌ನ ಇನ್ನೊಂದು ಗುಣವೆಂದರೆ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಆಮ್ಲ ಮಾಡುತ್ತವೆ, ಆ ಆಮ್ಲದಲ್ಲಿ ಅಮೋನಿಯಾ ಅಮೋನಿಯಂ ಆಗಿ ಕಟ್ಟಿಬಿದ್ದು ಮಲದೊಂದಿಗೆ ಹೊರಹೋಗುತ್ತದೆ. ಯಕೃತ್ತು ಸೋತವರಿಗೆ ಅದನ್ನು ಕೊಡುವುದೂ ಇದೇ ಉದ್ದೇಶಕ್ಕೆ.

ನಾರಿನ ವಿಷಯದಲ್ಲಿ ಎಲ್ಲರಿಗೂ ಅಳುಕು. ಆಹಾರ ತಜ್ಞೆ ಕಡಿಮೆ ಪೊಟ್ಯಾಸಿಯಂನ ತರಕಾರಿಗಳನ್ನು ಆರಿಸಿ, ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲುವ ಕ್ರಮ ಹೇಳಿಕೊಟ್ಟರು. ಜೊತೆಗೆ ಕರಗುವ ನಾರಿನ ಪುಡಿಯನ್ನು ದಿನಕ್ಕೆ 5 ಗ್ರಾಂನಿಂದ ಶುರು ಮಾಡಿ ಮೂರು ವಾರದಲ್ಲಿ 15 ಗ್ರಾಂಗೆ ಏರಿಸಿದೆವು. ಪೊಟ್ಯಾಸಿಯಂ ಏರುತ್ತದೆಂದು ವಾರವಾರ ಪರೀಕ್ಷೆ ಮಾಡಿಸಿದೆವು. ಆದದ್ದು ತಿರುಗುಮುರುಗು. ತರಕಾರಿ ಬಿಟ್ಟಿದ್ದಾಗ ಡಯಾಲಿಸಿಸ್‌ಗೆ ಮೊದಲು 5.9 ಇದ್ದದ್ದು, ತರಕಾರಿ ತಿನ್ನುವಾಗ 5.2ಕ್ಕೆ ಬಂತು. ಮೂತ್ರಪಿಂಡ ಕೈಬಿಟ್ಟಾಗ ಪೊಟ್ಯಾಸಿಯಂ ಹೊರಹಾಕುವ ಹೊಣೆಯಲ್ಲಿ ಗಣನೀಯ ಪಾಲನ್ನು ದೊಡ್ಡ ಕರುಳು ಹೊರುತ್ತದೆ. ಮಲ ನಿಂತರೆ ಆ ದಾರಿಯೂ ಮುಚ್ಚುತ್ತದೆ.

10 ವಾರಗಳ ನಂತರ ತಿಂಗಳ ಪುಟದಲ್ಲಿ 19 ಚುಕ್ಕೆಗಳಿದ್ದವು. "ಹೊಟ್ಟೆ ಹಿಂಡಿತು" ಎಂಬುದು ಒಂದೇ ಸಲ. ಸಿಆರ್‌ಪಿ 12. ಈ 10 ವಾರಗಳಲ್ಲಿ ಪ್ರೋಬಯಾಟಿಕ್ ಒಂದು ಕ್ಯಾಪ್ಸೂಲ್ ಕೂಡ ಇರಲಿಲ್ಲ, ಕ್ಯಾಥೆಟರ್ ಕುತ್ತಿಗೆಯಲ್ಲೇ ಇತ್ತು.

ಬಳಿಕ ಹೊಸ ಫಿಸ್ಟುಲಾ ಬಲಿತು, ಕ್ಯಾಥೆಟರ್ ತೆಗೆದೆವು. ಮುಂದಿನ ಪರೀಕ್ಷೆಯಲ್ಲಿ ಸಿಆರ್‌ಪಿ 8. ಕ್ಯಾಥೆಟರಿನ ಒಳಮೈಯಲ್ಲಿ ಬ್ಯಾಕ್ಟೀರಿಯಾಗಳು ಕಟ್ಟುವ ಪೊರೆ ಕಲ್ಚರಿನಲ್ಲಿ ಸಿಗದೆಯೂ ಉರಿಯೂತವನ್ನು ಪೋಷಿಸಬಲ್ಲದು. ಹಾಗಾಗಿ ಈ ಇಳಿಕೆಯನ್ನು ಕರುಳಿನ ಲೆಕ್ಕಕ್ಕೆ ಹಾಕುವುದು ಸಲ್ಲದು.

ಮತ್ತೆ ಡಬ್ಬಿ

ಕ್ಯಾಥೆಟರ್ ಹೋದ ಮೇಲೆ ಮಗಳು ಮತ್ತೆ ಕೇಳಿದರು. ಈ ಸಲ ನಾನು ಒಪ್ಪಿದೆ. ಯೀಸ್ಟ್ ಇಲ್ಲದ, ಬ್ಯಾಕ್ಟೀರಿಯಾ ಮಾತ್ರ ಇರುವ, ಬಿಡಿಸದೆ ನುಂಗಬಹುದಾದ ಚಿಕ್ಕ ಕ್ಯಾಪ್ಸೂಲ್. ಮನೆಯಲ್ಲೇ ತೆಗೆದುಕೊಳ್ಳಬೇಕು, ಡಯಾಲಿಸಿಸ್ ಕೋಣೆಗೆ ತರುವಂತಿಲ್ಲ. 8 ವಾರ ತೆಗೆದುಕೊಳ್ಳುವುದು, ಮುಂದಿನ 8 ವಾರ ನಿಲ್ಲಿಸುವುದು, ಉಳಿದ ಯಾವುದನ್ನೂ ಬದಲಿಸದಿರುವುದು ಎಂದು ಮೂವರೂ ಕೂತು ತೀರ್ಮಾನಿಸಿದೆವು. ಅಂಕಿ ಬರೆದಿಡುವ ಹೊಣೆ ರೋಗಿಯದೇ. ನೋಟ್‌ಬುಕ್ಕಿನಲ್ಲಿ ಐದನೇ ಕಾಲಂ ಎಳೆದರು.

ತೆಗೆದುಕೊಂಡ 8 ವಾರಗಳಲ್ಲಿ ಸಿಆರ್‌ಪಿ 7 ಮತ್ತು 6. ನಿಲ್ಲಿಸಿದ 8 ವಾರಗಳಲ್ಲಿ 7 ಮತ್ತು 6. ಚುಕ್ಕೆಗಳು ತಿಂಗಳಿಗೆ 20ರಿಂದ 22ರ ನಡುವೆಯೇ ಇದ್ದವು. ಮೊದಲ ಎರಡು ವಾರ ಹೊಟ್ಟೆ ಉಬ್ಬರ ಹೆಚ್ಚಾಯಿತು, ಆಮೇಲೆ ಸರಿಹೋಯಿತು. ಹಿಮೋಗ್ಲೋಬಿನ್ ವರ್ಷದ ಕೊನೆಗೆ 10.4ಕ್ಕೆ ಬಂತು, ಎರಿಥ್ರೋಪೊಯೆಟಿನ್ ಪ್ರಮಾಣವನ್ನು ಮೂರನೇ ಒಂದು ಭಾಗ ಇಳಿಸಲು ಸಾಧ್ಯವಾಯಿತು. ಅಲ್ಬುಮಿನ್ 3.6.

ಒಬ್ಬ ರೋಗಿಯ ಅಂಕಿಗಳಿಂದ ಪ್ರೋಬಯಾಟಿಕ್ ಕೆಲಸಕ್ಕೆ ಬಾರದು ಎಂದು ಸಾಧಿಸಲಾಗದು. ಕರುಳಿನ ವಿಷಗಳನ್ನು ಅಳೆಯುವ ಪರೀಕ್ಷೆ ನಮ್ಮ ಕೈಯಲ್ಲಿರಲಿಲ್ಲ. ಸಿಆರ್‌ಪಿ ಡಯಾಲಿಸಿಸ್ ರೋಗಿಗಳಲ್ಲಿ ತನ್ನಷ್ಟಕ್ಕೆ ಏರಿಳಿಯುತ್ತದೆ. 19ರಿಂದ 12ಕ್ಕೆ ಇಳಿದದ್ದರಲ್ಲಿ ನಿಧಾನವಾದ ಡಯಾಲಿಸಿಸ್‌ಗೆ ಎಷ್ಟು, ನಾರಿಗೆ ಎಷ್ಟು, ಲ್ಯಾಕ್ಟುಲೋಸ್‌ಗೆ ಎಷ್ಟು ಎಂದು ಬಿಡಿಸಿ ಹೇಳಲು ಬಾರದು. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದ್ದೆವು, ರೋಗಿಯ ಹಿತಕ್ಕೆ ಅದೇ ಸರಿಯೂ ಆಗಿತ್ತು. ಆದರೆ ಒಂದನ್ನು ಖಚಿತವಾಗಿ ಹೇಳಬಲ್ಲೆ. ಮೊದಲ ದಿನವೇ ನಾನು ಡಬ್ಬಿಗೆ ಒಪ್ಪಿಗೆ ಕೊಟ್ಟು, ಜೊತೆಜೊತೆಗೆ ಉಳಿದದ್ದನ್ನೂ ಮಾಡಿದ್ದರೆ, ಈ ಇಳಿಕೆಯ ಪೂರ್ತಿ ಶ್ರೇಯಸ್ಸು ಡಬ್ಬಿಗೇ ಹೋಗುತ್ತಿತ್ತು. ನಾನೂ ಅದನ್ನು ನಂಬುತ್ತಿದ್ದೆ, ಇನ್ನಷ್ಟು ಜನರಿಗೆ ಬರೆದುಕೊಡುತ್ತಿದ್ದೆ.

ಕಳೆದ ತಿಂಗಳು ಅವರಿಗೆ ಶ್ವಾಸಕೋಶದ ಸೋಂಕಾಗಿ ಒಂದು ವಾರ ಆ್ಯಂಟಿಬಯಾಟಿಕ್ ಕೊಡಬೇಕಾಯಿತು. ಸಿಆರ್‌ಪಿ ಒಮ್ಮೆ 60 ದಾಟಿತು. ನೋಟ್‌ಬುಕ್ಕಿನಲ್ಲಿ ಆರು ದಿನ ಚುಕ್ಕೆಯಿಲ್ಲ. ಏಳನೇ ದಿನ ಅವರೇ ಫೋನ್ ಮಾಡಿ, "ಡಾಕ್ಟರೇ, ಆರು ಮನೆ ಖಾಲಿ ಇದೆ, ಲ್ಯಾಕ್ಟುಲೋಸ್ ಹೆಚ್ಚಿಸಲೇ?" ಎಂದು ಕೇಳಿದರು. ಹೆಚ್ಚಿಸಿ ಎಂದೆ. ಐದು ವಾರಗಳ ನಂತರ ಸಿಆರ್‌ಪಿ ಮತ್ತೆ 8. ನಮ್ಮ ಡಯಾಲಿಸಿಸ್ ಹಾಳೆಯಲ್ಲಿ ಈಗ ತೂಕ, ಒತ್ತಡಗಳ ಪಕ್ಕದಲ್ಲಿ ಚುಕ್ಕೆಯ ಕಾಲಂ ಕೂಡ ಇದೆ. ಅದರ ಗೆರೆಗಳನ್ನು ಎಳೆದುಕೊಟ್ಟವರು ಅವರೇ.